ತಮ್ಮನ ಜೌಗು, ನನ್ನ ಕಿಲ್ಲಾ

ಪುಣೆಯಲ್ಲಿ ದೀಪಾವಳಿ ಬಂತೆಂದರೆ ಮನೆಮನೆಯ ಮುಂದೆ ಮಣ್ಣಿನ ಕಿಲ್ಲಾ, ಅಂದರೆ ಪುಟ್ಟದೊಂದು ಕೋಟೆ, ಏಳುತ್ತದೆ. ಧಾರವಾಡದಿಂದ ಬಂದ ನಮ್ಮ ಮನೆಯಲ್ಲಿ ಅದನ್ನು ಕಟ್ಟುವವನು ನಾನು. ತಲೆ ನರೆತರೂ ಬಿಟ್ಟಿಲ್ಲ. ಕಲ್ಲು ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಮ್ಮಣ್ಣು ಮೆತ್ತಿ, ಹಸಿರು ಬರಲೆಂದು ಸಾಸಿವೆ ಚೆಲ್ಲುತ್ತೇನೆ. ತುದಿಯಲ್ಲಿ ಮಹಾರಾಜರ ಗೊಂಬೆ ಕೂರಿಸಿದ ಮೇಲೆ ಅವ್ವ ಮೊದಲ ಪಣತಿ ಹಚ್ಚಿ ತಂದು ಅದರ ಮುಂದಿಡುತ್ತಾಳೆ. ಆ ಪಣತಿ ನನ್ನ ಹಕ್ಕೆಂದೇ ತಿಳಿದಿದ್ದೆ.

ಕಳೆದ ವರ್ಷ ತಮ್ಮನಿಗೂ ಉಮೇದು ಬಂತು. ಜನ್ಮದಲ್ಲಿ ಮಣ್ಣು ಮುಟ್ಟದವನು ನನ್ನ ಕಿಲ್ಲಾದ ಪಕ್ಕದಲ್ಲೇ ತಗ್ಗು ತೋಡಿ ನೀರು ತುಂಬಿಸಿದ. ಯಾವುದೋ ಪುಸ್ತಕದಲ್ಲಿ ಓದಿದ್ದನಂತೆ: ಹಿಂದೆ ಫ್ಲಾರಿಡಾದ ಜೌಗುನೆಲದಿಂದ ಸೆಮಿನೋಲ್ ಎಂಬ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಲು ಅಮೆರಿಕದ ಸೈನ್ಯ ಹೋಗಿತ್ತು; ಅಲ್ಲೊಂದು ಸಣ್ಣ ಕಾಳಗ ನಡೆದಿತ್ತು. ಅದನ್ನೇ ಈ ಹೊಂಡದಲ್ಲಿ ಗೊಂಬೆಗಳಿಂದ ಜೋಡಿಸಿದ್ದ. ಸೊಂಟಮಟ್ಟದ ನೀರಿನಲ್ಲಿ ಬಂದೂಕು ಎತ್ತಿ ಹಿಡಿದ ಸಿಪಾಯಿಗಳು. ಆಚೆ ಹುಲ್ಲಿನ ಮರೆಯಲ್ಲಿ, ಬಣ್ಣದ ಅಂಗಿ ತೊಟ್ಟ ಬೆರಳೆಣಿಕೆಯ ಸೆಮಿನೋಲರು. ಆ ಸಿಪಾಯಿಗಳೂ ನನ್ನವೇ, ಬಣ್ಣ ಹೋಯಿತೆಂದು ನಾನು ಬಿಸಾಕಿದ್ದ ಗೊಂಬೆಗಳು!

ಸೊಸೈಟಿಯವರೆಲ್ಲ ನನ್ನ ಬುರುಜು ದಾಟಿ ಹೋಗಿ ಅಲ್ಲೇ ಬಗ್ಗಿದರು. "ಲಯ್ ಭಾರೀ!" ಎಂದು ಮರಾಠಿಯಲ್ಲಿ ಬಾಯ್ತುಂಬ ಹೊಗಳಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ದೀಪಾವಳಿಗೂ ಫ್ಲಾರಿಡಾಕ್ಕೂ ಏನು ಸಂಬಂಧ? ಹೊಂಡದಲ್ಲಿ ಸೊಳ್ಳೆ ಆಗುತ್ತವೆ ಎಂದು ಹೇಳಿಯೂ ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವನಂತೂ ಕುರ್ಚಿ ತರಿಸಿಕೊಂಡು ಅಲ್ಲೇ ಕೂತಿದ್ದಳು.

"ಯಾರು ಗೆದ್ರೋ?"

"ಅವತ್ತ ಸೆಮಿನೋಲರು, ಅವ್ವಾ. ಗುಂಡ ಹೊಡದು ಹುಲ್ಲಾಗ ಮಾಯ ಆದ್ರು."

ನನ್ನ ಕಿಲ್ಲಾದ ಬಗ್ಗೆ ಅವಳು ಇಷ್ಟು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮುಸ್ಸಂಜೆ ಪಣತಿ ಹಚ್ಚಿಕೊಂಡು ಬಂದವಳು, ನನ್ನ ಕಡೆ ನೋಡದೆ ಹೊಂಡದ ಹತ್ತಿರ ಹೋದಳು.

"ಎಲ್ಲೆ ಇಡಲೋ?"

"ಇಲ್ಲೆ ಬ್ಯಾಡ ಅವ್ವಾ," ಎಂದ ತಮ್ಮ. "ಬೆಳಕ ಬಿದ್ರ ಅಡಗಿ ಕೂತವರು ಸಿಪಾಯಿಗಳ ಕಣ್ಣಿಗೆ ಬೀಳ್ತಾರ."

ಅವ್ವ ಹೌದೆಂದು ತಲೆಯಾಡಿಸಿ ತಿರುಗಿ ಬಂದು ಪಣತಿಯನ್ನು ಮಹಾರಾಜರ ಮುಂದಿಟ್ಟಳು. ಅಂತೂ ಗೆದ್ದೆನೆಂದು ನಾನು ಎದೆಯುಬ್ಬಿಸಿದೆ. ಅವಳು ಮರಳಿ ಕುರ್ಚಿಗೆ ಹೋಗಿ ಕೂತು, ಹುಲ್ಲಿನತ್ತ ಒಮ್ಮೆ, ನನ್ನ ಕಿಲ್ಲಾದತ್ತ ಒಮ್ಮೆ ನೋಡಿದಳು.

"ಏ, ಸ್ವಲ್ಪ ಆ ದೀಪಕ್ಕ ಅಡ್ಡ ನಿಂದ್ರೋ," ಎಂದಳು ನನಗೆ. "ಬೆಳಕ ಈ ಕಡೆ ಬರಲಿಕ್ಕತ್ತದ. ಪಾಪ, ಅವರು ಕಾಣ್ತಾರ."

ನನ್ನ ಕಿಲ್ಲಾಕ್ಕೆ ಬೆನ್ನು ಹಾಕಿ ನಿಂತೆ.