ಕೂಸಿನ ತಂಬೂರಿ

ಮುಂಬೈ ಹತ್ತಿರದ ಡೊಂಬಿವಲಿಯ ಸೊಸೈಟಿ ಹಾಲ್‌ನಲ್ಲಿ ಹಳೆಯ ಜಾಝ್ ನುಡಿಸಲು ಕೂತು ಮೊದಲ ಸಲ ಮೀಟಿದೆ. ನಾಲ್ಕು ತಂತಿಯ ನನ್ನ ಪುಟ್ಟ ಯುಕುಲೇಲೆ ತಂಬೂರಿಯ ಹಾಗೆ ಝೇಂಕರಿಸಿತು!

ಮುಂದಿನ ಸಾಲಿನಿಂದ ನನ್ನ ಶಿಷ್ಯೆಯ ಅಜ್ಜಿ, ಧಾರವಾಡದವರು, ಹೆಮ್ಮೆಯಿಂದ ಅಂದರು: "ನೀ ಚಹಾ ಕುಡಿಯೋದ್ರೊಳಗ ನಾನೇ ಶ್ರುತಿ ಮಾಡೀನವಾ. ಕೂಸಿನ ತಂಬೂರಿ, ತಂತಿ ಎಲ್ಲಾ ಜಗಳಾಡ್ಲಿಕ್ಕೆ ಹತ್ತಿದ್ವು."

ಜನ ನಕ್ಕರು. ಮತ್ತೆ ಸರಿಮಾಡಿಕೊಳ್ಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಮಾಡಲಿಲ್ಲ. ಅಜ್ಜಿಯನ್ನು ವೇದಿಕೆಗೆ ಕರೆದು ಅದನ್ನು ಅವರ ಕೈಗೇ ಕೊಟ್ಟೆ. ನಾನು ಶಿಷ್ಯೆಯ ಯುಕುಲೇಲೆ ಎತ್ತಿಕೊಂಡೆ. ಅವರು ಕಣ್ಣು ಮುಚ್ಚಿ ಮೀಟುತ್ತ ಹೋದರು. ಆ ಶ್ರುತಿಯ ಮೇಲೆ ನಾನು ಹಲವು ಸ್ವರ ಒಟ್ಟಿಗೆ ಮೀಟುವ ಕಾರ್ಡ್ ಎಲ್ಲ ಬಿಟ್ಟು ಬರೀ ಧಾಟಿ ನುಡಿಸಿದೆ. ಜಾಝ್‌ನ ವಾಡಿಕೆಯಂತೆ ಗಾಂಧಾರವನ್ನು ಚೂರು ಇಳಿಸಿದಾಗ ಅಜ್ಜಿ ಒಂದು ಕಣ್ಣು ತೆರೆದರು.

"ಬೇಕಂತನ ಇಳಿಸಿದೇನು?"

"ಹೌದಜ್ಜಿ."

"ಹಂಗಾರ ಇನ್ನೊಮ್ಮೆ ಇಳಸು."

ಆ ಯುಕುಲೇಲೆಯ ಶ್ರುತಿಯನ್ನು ನಾನಿನ್ನೂ ಬದಲಿಸಿಲ್ಲ. ಈಗ ಕಾರ್ಯಕ್ರಮಕ್ಕೆ ಎರಡು ಒಯ್ಯುತ್ತೇನೆ. ಲೋಕಲ್ ರೈಲಿನಲ್ಲಿ ಯಾರಾದರೂ "ಛೋಟಾ ಗಿಟಾರ್ ಹೈ ಕ್ಯಾ?" ಎಂದು ಕೇಳಿದರೆ ಒಂದನ್ನು ತೋರಿಸಿ ಯುಕುಲೇಲೆ ಎನ್ನುತ್ತೇನೆ. ಇನ್ನೊಂದನ್ನು ತೋರಿಸಿ, ತಂಬೂರಿ.