ಒಂದು ಚುಕ್ಕಿಯೂ ಬೇಡ

ವೇಲಚೇರಿಯ ಮೂರನೇ ಮಹಡಿಯ ತನ್ನ ಮನೆಯ ಮುಂದೆ ವಿಮಲಾ ಟೀಚರ್ ರಂಗೋಲಿ ಹಾಕದೆ ಒಂಬತ್ತು ವರ್ಷವಾಗಿತ್ತು. ಹಾಕುವ ಅಗತ್ಯವೇ ಇರಲಿಲ್ಲ. ಸೌಕಾರ್‌ಪೇಟೆಯಿಂದ ತಂದ ಪ್ಲಾಸ್ಟಿಕ್ ಸ್ಟಿಕರೊಂದು, ನಡುವೆ ಕಮಲ, ಸುತ್ತ ನವಿಲು, ನೆಲಕ್ಕೆ ಕಚ್ಚಿಕೊಂಡು ಕೂತಿತ್ತು. ಮಳೆಗಾಲದಲ್ಲಿ ಕೆಳಗೆ ಸ್ಕೂಟರುಗಳು ಮುಳುಗಿದ್ದಾಗಲೂ ಅದು ಅಲ್ಲೇ ಇತ್ತು. ಅತ್ತೆ ತೀರಿಕೊಂಡ ಹನ್ನೊಂದು ದಿನವೂ ಅಲ್ಲೇ ಇತ್ತು. ಸೂತಕದ ಮನೆಯ ಮುಂದೆ ರಂಗೋಲಿ ಇರಬಾರದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಮುಂದಿನ ಅನರ್ಥದ ಬೇರು ಆ ಸ್ಟಿಕರಿನ ಅಡಿಯಲ್ಲೇ ಇದೆ.

ಉಡುಪಿ ಕಡೆಯ ವಿಮಲಾ ಮದುವೆಯಾಗಿ ಈ ತಮಿಳು ಊರಿಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಭೋಜರಾಜ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವನು. ಅವಳು ಕಾಸಿಮೇಡಿನ ಬಂದರಿನ ಪಕ್ಕದ ಪ್ರೈಮರಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಂದ ಹೊಸದರಲ್ಲಿ ತಮಿಳು ಬಾರದೆ ಎರಡು ವರ್ಷ ನಾಲ್ಕು ಜನರ ನಡುವೆ ಮೂಕಿಯ ಹಾಗೆ ಕೂತಿದ್ದವಳು. ಅದಕ್ಕೇ ಇರಬೇಕು, ಯಾವ ಕ್ಲಾಸಿಗೆ ಹೋದರೂ ಅವಳ ಕಣ್ಣು ಮೊದಲು ಹುಡುಕುತ್ತಿದ್ದದ್ದು ಗೋಡೆಗೆ ಅಂಟಿ ಕೂತ ಮಕ್ಕಳನ್ನು.

ಆ ವರ್ಷ ಶಾಲೆಗೆ ಸ್ಕಾಟ್ಲೆಂಡಿನ ಕಡಲತೀರದ ಸಣ್ಣ ಊರಿನ ಶಾಲೆಯೊಂದರ ಜೊತೆ ನಂಟು ಕುದುರಿತು. ಎರಡೂ ಕಡೆಯ ಮಕ್ಕಳು ಸೇರಿ ಚಿತ್ರ, ಕೈಕೆಲಸ ಏನಾದರೂ ಮಾಡಬೇಕು. ಯಾವ ಮಗುವನ್ನೂ ಹೊರಗೆ ಬಿಡಬಾರದು ಎಂಬುದೊಂದೇ ಷರತ್ತು. ಹೆಡ್ಮಿಸ್ಟ್ರೆಸ್ ಚಂದ್ರಮತಿ ಷರತ್ತನ್ನು ಓದಿ, "ಒಳ್ಳೆ ಫೋಟೋ ಬರೋ ಹಾಗೆ ನೋಡ್ಕೊಳ್ಳಿ" ಎಂದರು. ವಿಮಲಾ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಹೊಸ್ತಿಲಿನ ಆಟ ಅವಳದೇ ಯೋಚನೆ. ಪ್ರತಿ ಮಗುವೂ ತನ್ನ ಮನೆಯ ಬಾಗಿಲ ಮುಂದಿನ ಫೋಟೋ ಕಳಿಸುವುದು, ಆಮೇಲೆ ಚೀಟಿ ಎತ್ತಿ ಜೋಡಿ ಮಾಡುವುದು, ಒಂದು ಶುಕ್ರವಾರ ಇಲ್ಲಿನ ಮಗು ತನ್ನ ಬಾಗಿಲನ್ನು ಅಲ್ಲಿನದರಂತೆ, ಅಲ್ಲಿನ ಮಗು ಇಲ್ಲಿನದರಂತೆ ಮಾಡುವುದು.

ಗೋಡೆ ಪಕ್ಕ ಕೂರುವವಳು ನಾಲ್ಕನೇ ಕ್ಲಾಸಿನ ಕಯಲ್‌ವಿಳಿ. ಹುಟ್ಟಿನಿಂದಲೇ ಅವಳ ಬಲಗೈ ಸೊರಗಿತ್ತು, ಬೆರಳು ಮಡಿಚಿಕೊಂಡಿದ್ದವು. ಕುಣಿತಕ್ಕೆ ಬೇಡ, ಆಟಕ್ಕೆ ಬೇಡ, "ಪಾಪ, ಕೂತಿರಲಿ ಬಿಡಿ" ಎನ್ನುವವರೇ ಎಲ್ಲ. ಮನೆಯಿಂದ ಅವಳು ತಂದ ಫೋಟೋದಲ್ಲಿ ಅಚ್ಚುಕಟ್ಟಾದ ಚುಕ್ಕಿ ರಂಗೋಲಿಯಿತ್ತು. ತಾಯಿ ಹಾಕಿರಬೇಕು ಎಂದುಕೊಂಡಳು ವಿಮಲಾ. ಹುಡುಗಿಯ ಎಡಗೈ ಉಗುರುಗಳ ಸಂದಿಯಲ್ಲಿ ದಿನಾ ಬಿಳಿ ಪುಡಿ ಇರುತ್ತಿತ್ತು. ಚಾಕ್‌ಪೀಸಿನದು ಎಂದುಕೊಂಡಳು. ಒಮ್ಮೆ ಅಪ್ಪನ ಬಗ್ಗೆ ಕೇಳಿದ್ದಕ್ಕೆ ಹುಡುಗಿ "ಕಡಲಿಗೆ ಹೋಗಿದ್ದಾರೆ" ಎಂದಿದ್ದಳು. ಅಲ್ಲಿನ ಅಪ್ಪಂದಿರೆಲ್ಲ ಕಡಲಿಗೆ ಹೋಗುವವರೇ, ಹಾಗಾಗಿ ಹೋಗಿ ಎಷ್ಟು ದಿನವಾಯಿತೆಂದು ಟೀಚರ್ ಕೇಳಲಿಲ್ಲ.

ಚೀಟಿ ಎತ್ತುವಾಗ ವಿಮಲಾ ಒಂದು ಸಣ್ಣ ಮೋಸ ಮಾಡಿದಳು. ಅಲ್ಲಿನ ಐಲಾ ಎಂಬ ಹುಡುಗಿಯ ಬಾಗಿಲಲ್ಲಿ ಏನೂ ಇರಲಿಲ್ಲ. ಮಳೆಗೆ ನೆನೆದ ಬೋಳು ಕಲ್ಲು, ಪಕ್ಕದಲ್ಲಿ ಅವಳಪ್ಪನ ಒಂದು ಜೊತೆ ಬೂಟು. ಇದಕ್ಕಿಂತ ಸುಲಭ ಯಾವುದಿದೆ? ಆ ಚೀಟಿಯನ್ನು ಬೇಕೆಂದೇ ಕಯಲ್‌ಳ ಕೈಗೆ ಬರುವಂತೆ ಮಾಡಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಏನೂ ಹಾಕಬಾರದಾ ಟೀಚರ್?" ಎಂದು ತಮಿಳಿನಲ್ಲಿ ಕೇಳಿದಳು.

"ಏನೂ ಬೇಡ ಮಗೂ. ಚಿತ್ರದಲ್ಲಿ ಇರುವ ಹಾಗೇ."

"ಒಂದು ಚುಕ್ಕಿ?"

"ಒಂದು ಚುಕ್ಕಿಯೂ ಬೇಡ. ಅದೇ ಆಟ. ನೀನಿಲ್ಲದಿದ್ದರೆ ಐಲಾಗೆ ಜೋಡಿಯೇ ಇಲ್ಲ, ಗೊತ್ತಾ?"

ತಾನಿಲ್ಲದಿದ್ದರೆ ಆಗುವುದಿಲ್ಲ ಎಂಬ ಮಾತನ್ನು ಆ ಮಗು ಶಾಲೆಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ತಲೆಯಾಡಿಸಿದಳು.

ಗುರುವಾರ ಸಂಜೆ ಭೋಜರಾಜ ಪೇಪರ್ ಹಿಡಿದು ಕೂತಿದ್ದ. "ನಿಮ್ಮ ಕಾಸಿಮೇಡಿನದ್ದೊಂದು ಬೋಟು ಇನ್ನೂ ಬರ್ಲಿಲ್ಲಂತೆ. ಗಾಳಿ ಎದ್ದ ದಿನ ಹೊರಗೆ ಇತ್ತಂತೆ."

"ಬರ್ತದೆ. ಅವ್ರಿಗೆ ಹತ್ತು ಹದಿನೈದು ದಿನ ಎಲ್ಲ ಮಾಮೂಲು," ಎಂದಳು ವಿಮಲಾ, ಬಣ್ಣದ ಕಾಗದ ಕತ್ತರಿಸುತ್ತ.

"ಹದಿನೆಂಟು ಆಯ್ತಂತೆ."

"ಪಾಪ," ಎಂದು ಹೇಳಿ ಅವಳು ನಾಳೆಯ ಆಟದ ಮಾತು ತೆಗೆದಳು. ಭೋಜರಾಜ ಕನ್ನಡಕ ತೆಗೆದು ನೋಡಿದ. "ಶುಕ್ರವಾರ ಒಂದು ಮನೆ ಬಾಗ್ಲು ಬೋಳು ಬಿಡ್ಲಿಕ್ಕೆ ಹೇಳಿದ್ದೀಯಾ ನೀನು?"

"ಆಟ ಅಲ್ವಾ ಮಾರಾಯ್ರೆ. ನಮ್ಮ ಬಾಗ್ಲಿಗೆ ನಾನು ಯಾವಾಗ ಹಾಕಿದ್ದು?"

"ನಮ್ಮದು ಬೇರೆ ಮಾರಾಯ್ತಿ. ನಮ್ಮದು ಅಂಟಿಸಿದ್ದು."

ಆ ಮಾತು ಅವಳಿಗೆ ಚುಚ್ಚಿತು. ಆದರೂ ಫೋನ್ ಎತ್ತಿ ಯಾರನ್ನೂ ಕೇಳಲಿಲ್ಲ.

ಬೆಳಿಗ್ಗೆ ರೈಲಿನಲ್ಲಿರುವಾಗ ಫೋಟೋಗಳು ಒಂದೊಂದಾಗಿ ಬಂದವು. ಒಬ್ಬ ಬಾಗಿಲಲ್ಲಿ ಹೂಕುಂಡ ಇಟ್ಟಿದ್ದ, ಇನ್ನೊಬ್ಬಳು ಕಾಲೊರಸಿನ ಮೇಲೆ ಇಂಗ್ಲಿಷಿನಲ್ಲಿ ಸ್ವಾಗತ ಬರೆದಿದ್ದಳು. ಕಯಲ್‌ಳದು ಪಕ್ಕದ ಮನೆಯ ಫೋನಿನಿಂದ ಬಂತು. ಗುಡಿಸಿ, ನೀರು ಹಾಕಿ, ಬೋಳು ಬಿಟ್ಟ ನೆಲ. ಬೂಟಿನ ಜಾಗದಲ್ಲಿ ಗಂಡಸಿನ ಒಂದು ಜೊತೆ ಹಳೆಯ ಚಪ್ಪಲಿ. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾಳೆ ಎಂದು ವಿಮಲಾಗೆ ಹೆಮ್ಮೆಯೇ ಆಯಿತು. ಎರಡನೇ ಸಲ ನೋಡಿದಾಗ ಮಾತ್ರ ಫೋಟೋದ ಮೂಲೆಯಲ್ಲಿ ನಾಲ್ಕೈದು ಹೆಂಗಸರ ಕಾಲುಗಳು ಕಂಡವು. ಬರಿಗಾಲುಗಳು, ಎಲ್ಲವೂ ಆ ಬಾಗಿಲ ಕಡೆಗೇ ತಿರುಗಿದ್ದವು. 

ಶಾಲೆಯಲ್ಲಿ ಕಯಲ್ ಇರಲಿಲ್ಲ. "ಬಂದರಿನ ಬೀದಿಯಲ್ಲಿ ಜನ ಸೇರಿದ್ದಾರೆ. ಆ ಬೋಟಿನ ಸುದ್ದಿ ಬಂತಂತೆ," ಎಂದರು ಚಂದ್ರಮತಿ.

ಸುದ್ದಿ ಯಾವುದೂ ಬಂದಿರಲಿಲ್ಲ. ಬಂದಿದ್ದದ್ದು ಬೋಳು ಹೊಸ್ತಿಲು ಮಾತ್ರ.

ವಿಮಲಾ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಳಿ ಎದ್ದ ದಿನವೇ ಕಯಲ್‌ಳ ಅಜ್ಜಿ ಹೇಳಿದ್ದಳಂತೆ, ಆ ಬೋಟಿನಲ್ಲಿದ್ದ ಮಗ ಬರುವವರೆಗೆ ಬಾಗಿಲ ರಂಗೋಲಿ, ಅವರ ಮಾತಿನ ಕೋಲಂ, ಒಂದು ದಿನವೂ ತಪ್ಪಬಾರದು ಎಂದು. ತಾಯಿ ಅಂಜಲೈ ನಸುಕಿಗೇ ಮೀನಿನ ಹರಾಜಿಗೆ ಹೋಗುವವಳು, ಅಜ್ಜಿಗೆ ಕಣ್ಣು ಕಾಣದು. ದಿನಾ ಹಾಕುತ್ತಿದ್ದವಳು ಕಯಲ್, ಎಡಗೈಯಲ್ಲಿ. ಬೀದಿಯ ಹೆಂಗಸರು ಬೆಳಗಾಗೆದ್ದರೆ ಮೊದಲು ಆ ಬಾಗಿಲು ನೋಡುತ್ತಿದ್ದರು. ಚುಕ್ಕಿ ಇದೆ, ಅಂದರೆ ಕೆಟ್ಟ ಸುದ್ದಿ ಇಲ್ಲ. ಶುಕ್ರವಾರ ಚುಕ್ಕಿ ಇರಲಿಲ್ಲ, ಅಪ್ಪನ ಚಪ್ಪಲಿ ಹೊರಗಿತ್ತು. ಒಬ್ಬಳು ಎದೆ ಬಡಿದುಕೊಂಡಳು, ಹತ್ತು ಜನ ದನಿಗೂಡಿಸಿದರು. ಯಾರೋ ಹರಾಜು ಕಟ್ಟೆಗೆ ಓಡಿದರು. ಅಂಜಲೈ ಬುಟ್ಟಿ ಅಲ್ಲೇ ಬಿಟ್ಟು ಓಡಿ ಬಂದು, ಬಾಗಿಲು ನೋಡಿ, ಎರಡೂ ಕೈ ಗೋಡೆಗೆ ಅಪ್ಪಳಿಸಿದಳು.

ಗಾಜಿನ ಚೂರುಗಳು ಇನ್ನೂ ಅಲ್ಲೇ ಇದ್ದವು. ಆಟವೆಂದು ಕಯಲ್ ಹೇಳಿದ್ದು ಬಳೆ ಒಡೆದ ಮೇಲೆ. ಈಗ ಯಾರೂ ಅಳುತ್ತಿರಲಿಲ್ಲ. 

ಒಬ್ಬರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಬಾಗಿಲ ಪಕ್ಕದ ಡಬ್ಬಿಯಿಂದ ಪುಡಿ ತೆಗೆದು ಅವಳು ಕುಕ್ಕರಗಾಲಲ್ಲಿ ಕೂತಳು. ಒಂಬತ್ತು ವರ್ಷದಿಂದ ಹಾಕದ ಬೆರಳಲ್ಲಿ ಪುಡಿ ಹಿಡಿದು ನೆಲಕ್ಕೆ ಬಾಗಿದಳು.

"ಬೇಡಮ್ಮಾ," ಎಂದಳು ಅಜ್ಜಿ ಒಳಗಿನಿಂದ. "ಅಳು ಎದ್ದ ಬಾಗಿಲು ಇದು. ಇನ್ನು ಅವನು ಬಂದ ಮೇಲೇ ಹಾಕುವುದು."

ಮಧ್ಯಾಹ್ನ ಸ್ಕಾಟ್ಲೆಂಡಿನವರ ಕರೆ ಬಂತು. ಕಯಲ್‌ಳ ರಂಗೋಲಿಯನ್ನು ಐಲಾ ಮೈದಾಹಿಟ್ಟಿನಲ್ಲಿ ತನ್ನ ಕಲ್ಲಿನ ಮೇಲೆ ಹಾಕಿದ್ದಳು. ತನ್ನ ಜೋಡಿ ಎಲ್ಲಿ ಎಂದು ಕೇಳಿದಳು. ಜ್ವರ ಎಂದರು ಚಂದ್ರಮತಿ, ನಗುತ್ತ.

ಮುಳುಗುವಾಗ ಹಗ್ಗ ಸಿಕ್ಕವಳಂತೆ ವಿಮಲಾ ಐಲಾ ಹಾಕಿದ ರಂಗೋಲಿಯ ಫೋಟೋ ಹಿಡಿದುಕೊಂಡಳು. ಮನೆಗೆ ಹೋಗಿ ಚಾಕುವಿನಿಂದ ಸ್ಟಿಕರ್ ಕೆರೆದಳು. ಕಮಲ ಹೋಯಿತು, ಅಂಟು ಕಪ್ಪಾಗಿ ಉಳಿಯಿತು. ಹತ್ತು ದಿನ ಬಿಟ್ಟು ಕಯಲ್ ಶಾಲೆಗೆ ಬಂದಳು. ಬೋಟು ಬಂದಿರಲಿಲ್ಲ. ಉಗುರುಗಳಲ್ಲಿ ಬಿಳಿ ಪುಡಿ ಇರಲಿಲ್ಲ.

"ಇಲ್ಲಿ ನೋಡು," ಎಂದು ವಿಮಲಾ ಫೋನ್ ಚಾಚಿದಳು. "ಆ ದಿನ ನಿನ್ನ ಕೋಲಂ ತಪ್ಪಲಿಲ್ಲ. ಇಲ್ಲಿ ಇರಲಿಲ್ಲ, ಅಲ್ಲಿತ್ತು."

ಕಯಲ್ ಎಡಗೈ ಬೆರಳಿನಿಂದ ಚುಕ್ಕಿಗಳನ್ನು ಎಣಿಸಿದಳು. "ಸರಿಯಾಗಿ ಹಾಕಿದ್ದಾಳೆ," ಎಂದಳು. ಆಮೇಲೆ ಫೋನ್ ಹಿಂದಕ್ಕೆ ಕೊಟ್ಟಳು.

"ಆದರೆ ಟೀಚರ್, ಆ ಮನೆಗೆ ಅಪ್ಪನಿಗೆ ದಾರಿ ಗೊತ್ತಿಲ್ಲ."

ಅಷ್ಟು ಹೇಳಿ ಅವಳು ಗೋಡೆ ಪಕ್ಕದ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಳು.