ಆರಿದ ದೀಪದಲ್ಲಿ ಕರೆಂಟು

ಫ್ಯೂಸಣ್ಣನಿಗೆ ಆ ಹೆಸರು ಬಂದದ್ದು ವೈರಿಂಗ್ ಕೆಲಸದಿಂದಲ್ಲ, ಸಿಟ್ಟಿನಿಂದ. ಯಾವ ಗಳಿಗೆಯಲ್ಲಿ ಹಾರಿಹೋಗುತ್ತಾನೋ ಹೇಳಲಾಗದು. ಗೋಡೆಗೆ ಬಣ್ಣ ಬಳಿದಾದ ಮೇಲೆ 'ಇಲ್ಲೊಂದು ಪಾಯಿಂಟ್ ಬೇಕಿತ್ತಲ್ಲ' ಎಂದು ರಾಗ ಎಳೆಯುವ ಮನೆಯವರನ್ನು ಕಂಡರೆ ಸಿಟ್ಟು, ತೇಪೆ ಹಾಕಿದ ವೈರು ಕಂಡರೆ ಸಿಟ್ಟು, ಬೋರ್ಡಿನ ಸ್ಕ್ರೂ ಸೊಟ್ಟಗಿದ್ದರೂ ಸಿಟ್ಟು. ಹಾಗಿದ್ದೂ ಬೈಸಿಕೊಂಡವರೇ ಮತ್ತೆ ಅವನನ್ನು ಕರೆಯುತ್ತಿದ್ದರು. ಬಾಯಿ ಕೆಟ್ಟದ್ದು, ಕೆಲಸ ಚೊಕ್ಕ ಎನ್ನುತ್ತಿದ್ದರು. ಇದನ್ನು ಕೇಳಿ ಕೇಳಿ, ತಾನು ರೇಗಿದನೆಂದರೆ ತಾನೇ ಸರಿ ಎಂದು ಅವನು ನಂಬಿಬಿಟ್ಟಿದ್ದ.

ಆ ಬೆಳಗ್ಗೆ ಮಗಳ ಮನೆಗೆ ಹೊರಟಾಗಲೂ ಅವನ ಪಿತ್ತ ನೆತ್ತಿಗೇರಿತ್ತು. ಮಗಳು ಮೆಟ್ಟಿಲ ತಿರುವಿನ ಬಲ್ಬು ಬದಲಿಸಲು ಸ್ಟೂಲು ಹತ್ತಿ, ಅಲ್ಲಿಂದ ಬಿದ್ದು, ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಆ ಹೋಲ್ಡರ್ ಶಾಕ್ ಹೊಡೆಯುತ್ತದೆಂದು ಅವಳು ಹಿಂದೆಯೇ ಫೋನಿನಲ್ಲಿ ಹೇಳಿದ್ದಳು. ಒದ್ದೆ ಕೈಯಲ್ಲಿ ಮುಟ್ಟಿರುತ್ತೀಯ ಎಂದು ಗದರಿ ಇವನು ಫೋನ್ ಇಟ್ಟಿದ್ದ. ಈಗ ಸಿಟ್ಟು ಯಾರ ಮೇಲೆ? ಮಗಳ ಮೇಲೆಯೇ.

"ವೈರ್‌ಮ್ಯಾನ್ ಮಗಳು, ವೈರ್‌ಮ್ಯಾನ್ ಹೆಂಡ್ತಿ! ಸ್ವಿಚ್ ಆಫ್ ಮಾಡ್ದೆ ಹೋಲ್ಡರಿಗೆ ಕೈ ಹಾಕ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?" ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಆಫ್ ಮಾಡಿದ್ದೆ ಅಪ್ಪಾ."

"ಮಾಡಿರಲ್ಲ!"

ಸೋಫಾದಲ್ಲಿ ಟಿವಿ ನೋಡುತ್ತಿದ್ದ ಅಳಿಯ ಎದ್ದು ನಿಂತ. ಒಂದು ಕಾಲಕ್ಕೆ ಫ್ಯೂಸಣ್ಣನ ಕೈಕೆಳಗೇ ಕೆಲಸ ಕಲಿತವನು. ಆಗ 'ಲೋ' ಎಂದು ಕರೆಸಿಕೊಳ್ಳುತ್ತಿದ್ದವನು ಮದುವೆಯ ಮಾರನೆಯ ದಿನದಿಂದ 'ನೀವು' ಆಗಿದ್ದ. ಈಗ ಸ್ವಂತ ಕಾಂಟ್ರಾಕ್ಟು. ಈ ಮನೆಯ ವೈರಿಂಗೂ ಅವನದೇ.

"ನಾನೂ ಅದನ್ನೇ ಹೇಳ್ತಿದ್ದೀನಿ ಮಾವ. ಶಾಕ್ ಹೊಡೀತು, ಶಾಕ್ ಹೊಡೀತು ಅಂತಾಳೆ. ನಾನು ಮುಟ್ಟಿ ನೋಡಿದ್ರೆ ಏನೂ ಇಲ್ಲ. ತಲೆ ಸುತ್ತಿ ಬಿದ್ದಿರ್ಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ಇವಳು."

ಮಗಳು ಹಲ್ಲು ಕಚ್ಚಿದಳು. ಮುರಿದ ಕೈಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದುದು, ತನ್ನ ಮಾತನ್ನು ಮನೆಯಲ್ಲಿ ಯಾರೂ ನಂಬದಿದ್ದದ್ದು.

ಮೆಟ್ಟಿಲಿಗೆ ಕೆಳಗೊಂದು, ಮೇಲೊಂದು ಸ್ವಿಚ್ಚು. ಯಾವುದನ್ನು ಒತ್ತಿದರೂ ದೀಪ ಹತ್ತುತ್ತದೆ, ಯಾವುದನ್ನು ಒತ್ತಿದರೂ ಆರುತ್ತದೆ. ಆಗ ಆರಿತ್ತು. ಫ್ಯೂಸಣ್ಣ ಸ್ಟೂಲು ಹತ್ತಿ ಬಲ್ಬು ಬಿಚ್ಚಿದ, ಜೇಬಿನ ಟೆಸ್ಟರ್ ತೆಗೆದು ಹೋಲ್ಡರಿನ ಎರಡೂ ಪಿನ್ನಿಗೆ ತಾಗಿಸಿದ. ಟೆಸ್ಟರ್ ಹತ್ತಲಿಲ್ಲ.

"ನೋಡು! ಕಣ್ಣಿದ್ರೆ ನೋಡು!"

ಅವನು ಬಲ್ಬನ್ನು ಮತ್ತೆ ಹಾಕುವವರೆಗೆ ಮಗಳು ಕಾದಳು. ಆಮೇಲೆ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಇಳಿದು ಹೋಗಿ ಕೆಳಗಿನ ಸ್ವಿಚ್ಚು ಒತ್ತಿದಳು. ದೀಪ ಹತ್ತಿತು. ತಿರುವಿನಲ್ಲಿ ನಿಂತಿದ್ದ ಅಪ್ಪ, ಗಂಡ ಇಬ್ಬರನ್ನೂ ದಾಟಿ ಮೇಲೆ ಹೋಗಿ ಅಲ್ಲಿನ ಸ್ವಿಚ್ಚು ಒತ್ತಿದಳು. ದೀಪ ಆರಿತು.

"ಈಗ ನೋಡಪ್ಪ."

ಗೊಣಗುತ್ತಲೇ ಬಲ್ಬು ಬಿಚ್ಚಿ ಟೆಸ್ಟರ್ ತಾಗಿಸಿದ. ಕೆಂಪಗೆ ಹತ್ತಿತು. ಇನ್ನೊಂದು ಪಿನ್ನು. ಅಲ್ಲೂ ಹತ್ತಿತು.

ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರಿಯಾದ ಕೆಲಸವೆಂದರೆ ಫೇಸ್, ಅಂದರೆ ಕರೆಂಟು ತರುವ ವೈರು ಮಾತ್ರ ಸ್ವಿಚ್ಚುಗಳನ್ನು ಹಾದು ಬರಬೇಕು. ಅದಕ್ಕಾಗಿ ಎರಡು ಸ್ವಿಚ್ಚುಗಳ ನಡುವೆ ಜೋಡಿ ವೈರು ಎಳೆಯಬೇಕು. ಕರೆಂಟು ವಾಪಸು ಹೋಗುವ ನ್ಯೂಟ್ರಲ್ ವೈರು ನೇರ ಬಲ್ಬಿಗೆ ಹೋಗಬೇಕು. ಆ ಜೋಡಿ ವೈರಿನ ಉಸಾಬರಿಯೇ ಬೇಡವೆಂದು, ಫೇಸನ್ನೂ ನ್ಯೂಟ್ರಲನ್ನೂ ಹತ್ತಿರದ ಬೋರ್ಡಿನಿಂದಲೇ ಎರಡೂ ಸ್ವಿಚ್ಚಿಗೆ ಕೊಟ್ಟುಬಿಡುವ ಕಳ್ಳದಾರಿಯೊಂದಿದೆ. ಒಂದು ಸ್ವಿಚ್ಚು ಫೇಸ್ ಕಡೆ, ಇನ್ನೊಂದು ನ್ಯೂಟ್ರಲ್ ಕಡೆ ನಿಂತರೆ ದೀಪ ಅದರಲ್ಲೂ ಚೆನ್ನಾಗಿಯೇ ಹತ್ತುತ್ತದೆ, ಎರಡೂ ಒಂದೇ ಕಡೆ ನಿಂತರೆ ಆರುತ್ತದೆ. ಆದರೆ ಎರಡೂ ಸ್ವಿಚ್ಚು ನ್ಯೂಟ್ರಲ್ ಕಡೆ ನಿಂತು ಆರಿದರೆ ಹೋಲ್ಡರ್ ಸಾಧು. ಎರಡೂ ಫೇಸ್ ಕಡೆ ನಿಂತು ಆರಿದರೆ ಯಮ. ನೋಡುವವರ ಕಣ್ಣಿಗೆ ಎರಡೂ ಆರಿದ ದೀಪವೇ.

"ಲೋ!" ಇಷ್ಟು ವರ್ಷ ಅಳಿಯನಿಗೆ ಕೊಟ್ಟ ಮರ್ಯಾದೆ ಒಂದೇ ಕೂಗಿಗೆ ಹಾರಿಹೋಯಿತು. "ಜೋಡಿ ವೈರ್ ಎಳೆಯೋಕೆ ನಿನ್ನ ಕೈಗೆ ಲಕ್ವ ಹೊಡೆದಿತ್ತೇನೋ? ನಾನು ಹೀಗಾ ಕಲ್ಸಿದ್ದು?"

"ಪೈಪಲ್ಲಿ ಗಾರೆ ತುಂಬ್ಕೊಂಡಿತ್ತು ಮಾವ. ಗೋಡೆ ಒಡೀಬೇಕಾಗಿತ್ತು, ಬಣ್ಣ ಬೇರೆ ಆಗೋಗಿತ್ತು. ದೀಪ ಹತ್ತುತ್ತೆ ತಾನೆ ಅಂದ್ಕೊಂಡೆ."

"ಹತ್ತುತ್ತೆ ತಾನೆ ಅಂತೆ!" ಫ್ಯೂಸಣ್ಣ ಕೈಯಲ್ಲಿದ್ದ ಟೆಸ್ಟರನ್ನು ಬೀಸಿ ಎಸೆದ.

"ನನ್ನ ಮನೇಲಿ ನಿಂತು ನನಗೇ ಏಕವಚನ ಬೇಡ" ಎಂದು ಅಳಿಯನೂ ದನಿ ಏರಿಸಿದ. ಯಾರಿಗೆ ಯಾರು ಏನು ಕಲಿಸಿದರು, ಯಾರ ಕೆಲಸ ಎಲ್ಲಿ ಹೇಗೆ ಕೆಟ್ಟಿತ್ತು ಎಂದು ಹಳೆಯದನ್ನೆಲ್ಲ ಕೆದಕಿದರು. ಪೆಟ್ಟು ತಿಂದವಳು ಅಲ್ಲೇ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಾಳೆಂಬುದನ್ನು ಇಬ್ಬರೂ ಮರೆತರು. ಗಂಡಸರ ಜಗಳದ ಹಣೆಬರಹವೇ ಇಷ್ಟು.

ಅವಳು ಇಳಿದು ಬಂದು ಮೇನ್ ಎಳೆದಳು. ಫ್ಯಾನು ನಿಂತಿತು, ಟಿವಿ ಬಾಯಿ ಮುಚ್ಚಿತು. ಇವರೂ ಮುಚ್ಚಿದರು.

"ಜೋಡಿ ವೈರ್ ಎಳೆಯೋವರೆಗೂ ಮೇನ್ ಹಾಕೋ ಹಾಗಿಲ್ಲ. ಗೋಡೆ ಒಡೀರಿ. ಬಣ್ಣ ಹಾಳಾಗ್ಲಿ."

"ನಾಳೆ ಮಾಡ್ಕೊಡ್ತೀನಿ ಕಣೇ. ಫ್ರಿಜ್ಜಲ್ಲಿ ಹಾಲಿದೆ. ಮಾವ, ನೀವಾದ್ರೂ ಹೇಳಿ."

ಫ್ಯೂಸಣ್ಣ ಎದೆಯುಬ್ಬಿಸಿದ. "ಯಾಕೆ ಹೇಳ್ಲಿ? ಸರಿಯಾಗೇ ಮಾಡಿದ್ಲು! ನನ್ನ ಮಗಳು ಅವಳು!"

"ನೀನು ಸುಮ್ನಿರಪ್ಪ!" ಅವಳು ಅವನ ಕಡೆ ತಿರುಗಿದಳು. "ಇವರಿಗೆ ಹೇಳಿದೆ, ರಬ್ಬರ್ ಚಪ್ಪಲಿ ಹಾಕ್ಕೊಂಡು ಹತ್ತು ಅಂದ್ರು. ನಿನಗೆ ಹೇಳಿದೆ, ಒದ್ದೆ ಕೈ ಅಂದೆ. ಇಬ್ರೂ ದೊಡ್ಡ ವೈರ್‌ಮ್ಯಾನ್‌ಗಳು, ನಾನೊಬ್ಬಳು ಸುಳ್ಳುಬುರುಕಿ! ಮುರಿದ ಕೈ ಕಟ್ಕೊಂಡು ಕೂತು ನಾನೇ ನೆನೆಸ್ಕೊಂಡೆ. ಶಾಕ್ ಹೊಡೆದಾಗೆಲ್ಲ ಎರಡೂ ಸ್ವಿಚ್ಚಿನ ಮೂತಿ ಕೆಳಗಿತ್ತು. ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಿದ್ದು ಒಂದೇ, ಆಫ್ ಮಾಡಿದ್ಯಾ, ಆಫ್ ಮಾಡಿದ್ಯಾ!"

ಫ್ಯೂಸಣ್ಣ ಬಗ್ಗಿ, ತಾನು ಎಸೆದಿದ್ದ ಟೆಸ್ಟರನ್ನು ಎತ್ತಿಕೊಂಡ. ರೇಗೋಣವೆಂದರೆ ಈಗ ತಾನೊಬ್ಬನೇ ಉಳಿದಿದ್ದ. ಅಳಿಯ ತಲೆ ತಗ್ಗಿಸಿ ಸುತ್ತಿಗೆ ತರಲು ಹೋದ.

"ನೀನು ಹೇಳಿದ್ದು ನಿಜ ಕಣಮ್ಮಾ" ಎಂದ ಫ್ಯೂಸಣ್ಣ, ಕೊನೆಗೂ.

ಮಗಳು ಅವನ ಮುಖ ನೋಡಲಿಲ್ಲ.

"ಟೆಸ್ಟರ್ ಹೇಳಿದ ಮೇಲೆ ತಾನೆ?" ಎಂದಳು.